ತಂಗಿಯ ನಾಡಿ ಹಿಡಿದ ಚಳಿಗಾಲ

ನನ್ನ ತಂಗಿಯನ್ನು ಹಗರಿಬೊಮ್ಮನಹಳ್ಳಿಯ ದವಾಖಾನೆಗೆ ಕರೆದುಕೊಂಡು ಹೋಗಿ ಎದೆ ಪರೀಕ್ಷೆ ಮಾಡಿಸು ಎಂದು ಒಬ್ಬ ನರ್ಸಮ್ಮ ನನಗೆ ಹೇಳಿದ್ದರು. ನಾನು ಮಾಡಿಸಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಬಸ್ಸಿರಲಿಲ್ಲ, ಕುರಿಮರಿಗಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ ಎಂದರೂ ಸುಳ್ಳೇ. ಕೋಗಳಿ ದಾಟಿ ನಮ್ಮೂರಿಗೆ ಬರುವ ಬಸ್ಸು ದಿನಕ್ಕೆ ನಾಲ್ಕಾದರೂ ಇವೆ. ಬೇಕೆಂದೇ ಮಾಡಿಸಲಿಲ್ಲ.

ಕಳೆದ ತಿಂಗಳು ಕುರಿಗಳ ಜಂತಿನ ಔಷಧಿ ತರಲು ಕೊಟ್ಟೂರಿಗೆ ಹೋಗಿದ್ದೆ. ಹಿಂದಿನ ದಿನ ಸಣ್ಣ ಮಳೆ ಬಿದ್ದಿತ್ತು. ಕಾಲೇಜಿನ ಮೈದಾನದ ಪಕ್ಕದಲ್ಲಿ ಬರುವಾಗ ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಓಟದ ಗೆರೆ ಹಾಕಿದ ಸುಣ್ಣ ಮಳೆಗೆ ಹರಡಿಕೊಂಡಿತ್ತು. ಐದಾರು ಹುಡುಗಿಯರು ಸುತ್ತು ಹಾಕುತ್ತಿದ್ದರು. ಕೊನೆಯಲ್ಲಿದ್ದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏ, ನಿಲ್ಲಬ್ಯಾಡಲೇ, ಓಡು!" ಎಂದು ಯಾರೋ ಕೂಗಿದರು. ಹಿಡಿದುಕೊಂಡಿದ್ದ ಔಷಧಿಯ ಚೀಲವನ್ನು ಕೆಳಗಿಟ್ಟು ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎರಡು ವರ್ಷದ ಹಿಂದಿನ ಚಳಿಗಾಲ ಪೂರ್ತಿ ಆ ವಾಸನೆಯಲ್ಲಿತ್ತು.

ನನ್ನ ತಂಗಿಯ ಹೆಸರು ನೇತ್ರಾ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಾನು ಆರನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಕುರಿಗಳ ಹಿಂದೆ ಹೋದಾಗ ಅವಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅವ್ವ ಕೂಲಿಗೆ ಹೋದ ದಿನಗಳಲ್ಲಿ ಅವಳನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಬೆಳೆದ ಮೇಲೂ ಅವಳಿಗೆ ನಡೆಯುವುದೆಂದರೆ ಆಗುತ್ತಿರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಕುಂಟೆಬಿಲ್ಲೆ ಆಡುವ ಹುಡುಗಿಯರ ಪಕ್ಕದಲ್ಲಿ ಕುಳಿತು ಎಣಿಸುವ ಕೆಲಸ ಮಾಡುತ್ತಿದ್ದಳು. ಅವಳಿಗೆ "ಮೈಗಳ್ಳಿ" ಎಂದು ಹೆಸರಿಟ್ಟವಳು ನಾನೇ. ಮನೆಯವರೆಲ್ಲ ಹಾಗೇ ಕರೆದರು. ಆಮೇಲೆ ಓಣಿಯವರೂ ಕರೆದರು. ಅವಳೂ ನಗುತ್ತಲೇ ಓಗೊಡುತ್ತಿದ್ದಳು.

ಓದಿನಲ್ಲಿ ಮಾತ್ರ ಅವಳನ್ನು ಯಾರೂ ಹಿಂದೆ ಹಾಕಲಿಲ್ಲ. ಕೊಟ್ಟೂರಿನಲ್ಲಿ ಡಿಗ್ರಿ ಮುಗಿಸಿದಳು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದಳು, ಪಾಸಾದಳು. ಫಲಿತಾಂಶ ಬಂದದ್ದು ದೀಪಾವಳಿ ಮುಗಿದ ವಾರ. ಇನ್ನು ನಮಗೆ ಭಯವಿದ್ದದ್ದು ಓಟದ್ದೊಂದೇ. ಹೆಣ್ಣುಮಕ್ಕಳು ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು.

ಈ ಆಸೆ ಅವಳದೋ ನನ್ನದೋ ಎಂದು ಈಗ ಬೇರೆ ಮಾಡಿ ಹೇಳುವುದು ಕಷ್ಟ. ಒಮ್ಮೆ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಕುಡಿದವನೊಬ್ಬ ನನ್ನ ಸೆರಗಿಗೆ ಕೈ ಹಾಕಿದ್ದ. ನಿಂತವರೆಲ್ಲ ಬೇರೆ ಕಡೆ ನೋಡಿದರು. ನನ್ನಷ್ಟೇ ಎತ್ತರದ ಒಬ್ಬ ಹೆಣ್ಣು ಪೊಲೀಸು ಬಂದು, "ಏನಲೇ ಅದು?" ಎಂದಳು, ಅಷ್ಟೇ. ಅವನು ಚಪ್ಪಲಿ ಬಿಟ್ಟು ಓಡಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಬ್ಬರಾದರೂ ಹಾಗೆ ನಿಲ್ಲಬೇಕು ಎಂದು ನನ್ನ ತಲೆಯಲ್ಲಿ ಕುಳಿತಿತ್ತು. ನೇತ್ರಾಳಿಗೆ ಅದನ್ನು ಎಷ್ಟು ಸಲ ಹೇಳಿದ್ದೆನೋ. ಅವಳು ಕನ್ನಡಿಯ ಮುಂದೆ ನಿಂತು, "ಏನಲೇ ಅದು?" ಎಂದು ಗಂಟಲು ದಪ್ಪ ಮಾಡಿ ಹೇಳಿ ನಗಿಸುತ್ತಿದ್ದಳು.

ಆ ಚಳಿಗಾಲ ಅಪ್ಪ, ಅವ್ವ, ನನ್ನ ಗಂಡ ಮೂವರೂ ಹಿಂಡು ಹೊಡೆದುಕೊಂಡು ಹಡಗಲಿ ಕಡೆ ಹೋಗಿದ್ದರು. ಮೈಲಾರದ ಆಚೆ ಹೊಳೆ ದಂಡೆಯಲ್ಲಿ ಕೊಯ್ಲಾದ ಹೊಲಗಳಿರುತ್ತವೆ, ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದವರು ನಾನು, ನೇತ್ರಾ ಮತ್ತು ಹತ್ತು ಹದಿನೈದು ಮರಿಗಳು. ಬೆಳಕು ಹರಿಯುವ ಹೊತ್ತಿಗೆ ಅವಳನ್ನು ಎಬ್ಬಿಸುತ್ತಿದ್ದೆ. ಬಿಳಿಜೋಳದ ಹೊಲಗಳ ಮೇಲೆ ಮಂಜು ಕೂತಿರುತ್ತಿತ್ತು. ಕಣ್ಣಲ್ಲಿ ನೀರು ಬರಿಸುವ ಗಾಳಿ. ಅವಳು ಡಾಂಬರು ರಸ್ತೆಯಲ್ಲಿ ಓಡಬೇಕು, ನಾನು ಮೊಪೆಡ್ ಮೇಲೆ ಹಿಂದೆ. ಹಿಂಡು ಹೊಡೆದ ನಾಲಿಗೆ ನನ್ನದು, "ಹ್ಯಾ, ಹ್ಯಾ" ಎಂದೇ ಬರುತ್ತಿತ್ತು.

"ನಾ ಏನು ಕುರಿಯೇನಕ್ಕಾ?" ಎಂದು ಅವಳು ಓಡುತ್ತಲೇ ನಗುತ್ತಿದ್ದಳು.

"ಕುರಿಯಾಗಿದ್ರ ಇಷ್ಟೊತ್ತಿಗೆ ಕೊಟ್ಟೂರು ಮುಟ್ಟಿರ್ತಿದ್ದಿ. ನಡಿ ನಡಿ."

ನಗು ಮೊದಲ ವಾರಕ್ಕೇ ಮುಗಿಯಿತು. ಇನ್ನೂರು ಹೆಜ್ಜೆಗೆ ಅವಳ ಕಾಲು ಎಳೆಯತೊಡಗುತ್ತಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ರಸ್ತೆಯ ಪಕ್ಕದಲ್ಲಿ ಕುಸಿದು ಕೂತು, "ಅಕ್ಕಾ, ಕಾಲಾಗ ಜೀವಾನ ಇಲ್ಲ. ಒಳಗ ಯಾರೋ ಬಾಗಿಲು ಹಾಕ್ಕೆಂಡಂಗ ಆಗತೈತಿ" ಎನ್ನುತ್ತಿದ್ದಳು.

ಕುರಿಗಾರರಾದ ನಮ್ಮಲ್ಲಿ ಒಂದು ರೂಢಿ ಇದೆ. ಹಿಂಡು ನಡೆಯುವಾಗ ಒಂದು ಕುರಿ ಹಿಂದೆ ಬಿದ್ದು ಮಲಗಿಬಿಟ್ಟರೆ, ಅದು ದಣಿದಿದೆಯೋ ಹಠ ಹಿಡಿದಿದೆಯೋ ಗೊತ್ತಾಗಬೇಕು. ಮುಂಗಾಲಿನ ಸಂದಿಗೆ ಅಂಗೈ ಇಟ್ಟು ಎದೆ ನೋಡುತ್ತೇವೆ. ಡಬಡಬ ಹೊಡೆದುಕೊಳ್ಳುತ್ತಿದ್ದರೆ ನಿಜವಾಗಿ ಸೋತಿದೆ, ಹೆಗಲ ಮೇಲೆ ಹಾಕಿಕೊಳ್ಳುತ್ತೇವೆ. ಮೆಲ್ಲಗಿದ್ದರೆ ಅದು ಕಳ್ಳಾಟ, ಕೋಲಿನಿಂದ ತಿವಿದು ಎಬ್ಬಿಸುತ್ತೇವೆ. ಅಪ್ಪ ನನಗೆ ಇದನ್ನು ಚಿಕ್ಕಂದಿನಲ್ಲೇ ಕಲಿಸಿದ್ದ. "ಅದರ ಕಣ್ಣು ನೋಡಿ ಮರುಳಾಗಬ್ಯಾಡ ಮಗಳ, ಎದಿ ನೋಡು" ಎನ್ನುತ್ತಿದ್ದ. ಈ ವಿಷಯದಲ್ಲಿ ನನ್ನ ಕೈ ತಪ್ಪಿದ್ದೇ ಇಲ್ಲ ಎಂದು ನನಗೆ ಜಂಬವಿತ್ತು.

ಒಂದು ದಿನ ಅವಳು ಹಾಗೆ ಕುಸಿದು ಕೂತಾಗ ನಾನು ಮೊಪೆಡ್ ನಿಲ್ಲಿಸಿ, ಇಳಿದು, ತಂಗಿಯ ಮಣಿಕಟ್ಟು ಹಿಡಿದು ನೋಡಿದೆ. ಅಷ್ಟು ಓಡಿದವಳ ನಾಡಿ, ಉಂಡು ಮಲಗಿದವರ ನಾಡಿಯ ಹಾಗೆ ನಿಧಾನವಾಗಿ ಬಡಿಯುತ್ತಿತ್ತು. ಒಂದು, ಆಮೇಲೆ ಬಿಡುವು, ಮತ್ತೆ ಒಂದು.

"ಏಳಲೇ. ಎದಿ ಅರಾಮ ಐತಿ ನಿಂದು. ಯಾರ ಮುಂದ ನಾಟಕ ಮಾಡ್ತಿ?"

ಅವಳು ನನ್ನ ಮುಖ ನೋಡಿದಳು. ಎದ್ದು ಓಡಿದಳು.

ಅಲ್ಲಿಂದ ಮುಂದೆ ದಿನವೂ ಅದೇ. ಅವಳು ಕೂರುವುದು, ನಾನು ನಾಡಿ ನೋಡುವುದು, ನಾಡಿ ನಿಧಾನ, ನನ್ನ ಬೈಗುಳ. ಕೊಟ್ಟೂರಿನ ಮೈದಾನದಲ್ಲಿ ಹುಡುಗರಿಗೆ ಓಟ ಕಲಿಸುವ ಒಬ್ಬ ಮೇಷ್ಟ್ರಿದ್ದರು. ವಾರಕ್ಕೆ ಎರಡು ದಿನ ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ತಮ್ಮ ಕೈಗಡಿಯಾರವನ್ನು ಅವಳ ಕೈಗೆ ಕಟ್ಟಿ ಒಂದು ಸುತ್ತು ಓಡಿಸಿದರು. ಅದರಲ್ಲಿ ನಾಡಿಯ ಅಂಕಿ ಬರುತ್ತದಂತೆ. ನಲವತ್ತಾರು ತೋರಿಸಿತು. ಮೇಷ್ಟ್ರು ಗಡಿಯಾರವನ್ನು ತಟ್ಟಿ ನೋಡಿದರು, ತಮ್ಮ ಕೈಗೆ ಕಟ್ಟಿಕೊಂಡು ನೋಡಿದರು. ಆಮೇಲೆ ನಕ್ಕರು.

"ದೊಡ್ಡ ದೊಡ್ಡ ಓಟಗಾರರದ್ದು ಹಿಂಗ ಇರ್ತತಿ ನೋಡವ್ವ. ಕುಂತಾಗ ನಲವತ್ತು ಇರ್ತತಿ. ಗಟ್ಟಿ ಎದಿ ಇದು."

ಕುಂತಾಗ ಎಂದರು ಅವರು. ಓಡಿದ ಮೇಲೆ ಎಂದು ಅಲ್ಲ. ಆ ವ್ಯತ್ಯಾಸ ಅವರ ತಲೆಗೂ ಹೋಗಲಿಲ್ಲ, ನನ್ನ ತಲೆಗೂ ಹೋಗಲಿಲ್ಲ. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನು, "ಕೇಳಿದಿಲ್ಲ? ಗಟ್ಟಿ ಎದಿ ಅಂತ. ಮೈ ಒಂದ ಬಗ್ಗಬೇಕು ನಿಂದು" ಎಂದೆ. ಹಿಂದೆ ಕುಳಿತಿದ್ದ ಅವಳು ನನ್ನ ಬೆನ್ನಿಗೆ ಹಣೆ ಒರಗಿಸಿ ಹೂಂ ಎಂದಳು.

ಸಂಕ್ರಾಂತಿ ಹತ್ತಿರವಿದ್ದಾಗ ಅವಳಿಗೆ ಶೀತ ಜ್ವರ ಬಂತು. ಪಕ್ಕದ ಊರಿನ ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ನರ್ಸಮ್ಮ ನಡುವಯಸ್ಸಿನವರು, ಮಾತು ಕಡಿಮೆ. ನೇತ್ರಾಳ ಬೆರಳಿಗೆ ಸಣ್ಣ ಮಷಿನ್ ಸಿಕ್ಕಿಸಿ ನೋಡಿದರು. ಬೇರೆ ಬೆರಳಿಗೆ ಹಾಕಿದರು. "ಜ್ವರದಾಗ ಏರಬೇಕಿದು" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಮಾಳಿಗೆಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿ ಎಂದರು. ಅವಳು ಹತ್ತಿಳಿದು ಬಂದು ಗೋಡೆ ಹಿಡಿದು ನಿಂತಳು. ಮತ್ತೆ ಬೆರಳಿಗೆ ಮಷಿನ್. ಆಮೇಲೆ ಅವಳನ್ನು ಗುಳಿಗೆ ಇಸಿದುಕೊಂಡು ಬಾ ಎಂದು ಹೊರಗೆ ಕಳಿಸಿ ನನ್ನನ್ನು ಕರೆದರು.

"ನಿನ್ನ ತಂಗಿ ತಲಿಸುತ್ತಿ ಬಿದ್ದಿದ್ದು ಐತೇನು?"

"ಇಲ್ರಿ." ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಎರಡು ಸಲ ಬಿದ್ದಿದ್ದಳು. ಖಾಲಿ ಹೊಟ್ಟೆ ಎಂದು ಬಿಟ್ಟಿದ್ದೆವು.

"ಓಡಾಡಿದ್ರ ಯಾರ ಎದಿಯಾದ್ರೂ ಜೋರು ಹೊಡಕಂತತಿ. ಇವಳದು ಏರವಲ್ದು. ಇದು ನನ್ನ ಕೈಯಾಗಿನ ಮಾತಲ್ಲವ್ವ. ನಾಳಿಗೇ ಹಗರಿಬೊಮ್ಮನಹಳ್ಳಿಗೆ ಕರಕಂಡು ಹೋಗು, ಇಸಿಜಿ ತಗಸು. ಅಲ್ಲಿತನ ಓಡಸಬ್ಯಾಡ."

"ಆತ್ರಿ" ಎಂದೆ.

ಹೊರಗೆ ಬಂದರೆ ನೇತ್ರಾ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. "ಏನಂದ್ರಕ್ಕಾ?" ಎಂದು ಕೇಳಿದಳು. ಆ ಕೇಳುವುದರಲ್ಲಿ ಒಂದು ಆಸೆ ಇತ್ತು. ಏನೋ ಇದೆ ಎಂದು ಯಾರಾದರೂ ಹೇಳಲಿ ಎಂಬ ಆಸೆ. ನನಗೆ ಅದು ಕಂಡಿತ್ತು. ಕಂಡೇ ಹೇಳಿದೆ.

"ಏನೂ ಇಲ್ಲಂತ. ರಕ್ತ ಕಡಿಮಿ ಐತಂತ, ಬೆಲ್ಲ ಶೇಂಗಾ ತಿನ್ಬೇಕಂತ."

ಯಾಕೆ ಹೇಳಿದೆ? ಮೈದಾನದಲ್ಲಿ ಹುಡುಗರು ಮಾತಾಡುವುದನ್ನು ಕೇಳಿದ್ದೆ. ಕೂಡ್ಲಿಗಿ ಕಡೆಯ ಹುಡುಗನೊಬ್ಬ ಎಲ್ಲ ಪಾಸಾಗಿ, ಕಿವಿಯ ದೋಷ ಎಂದು ಕೊನೆಗೆ ಮೆಡಿಕಲ್‌ನಲ್ಲಿ ಹೋದನಂತೆ. ಒಮ್ಮೆ ದವಾಖಾನೆಯ ಕಾಗದದಲ್ಲಿ ಎದೆಯ ವಿಷಯ ಬರೆದುಬಿಟ್ಟರೆ ಇವಳಿಗೆ ಖಾಕಿ ಸಿಗುವುದಿಲ್ಲ ಎಂದು ನನ್ನ ಲೆಕ್ಕ. ಓಟ ಮುಗಿಯಲಿ, ನೌಕರಿ ಸಿಗಲಿ, ಆಮೇಲೆ ತೋರಿಸಿದರಾಯಿತು. ಎರಡು ನಿಮಿಷದ ಓಟ ತಾನೇ ಎಂದುಕೊಂಡೆ. ನನ್ನ ಅಂಗೈ ಮೇಲೆ ನನಗಿದ್ದ ನಂಬಿಕೆಯೂ ಸೇರಿಕೊಂಡಿತು. ನರ್ಸಮ್ಮನಿಗೆ ಕುರಿ ಗೊತ್ತಿಲ್ಲ ಎಂದುಕೊಂಡೆ ನಾನು.

ಬೆಲ್ಲ ಶೇಂಗಾ ತಿನ್ನಿಸಿದೆ. ಅವಳು ದಿನವೂ ತಪ್ಪದೆ ತಿಂದಳು. ಅದರಿಂದ ಕಾಲಿಗೆ ಜೀವ ಬರುತ್ತದೆಂದು ನಂಬಿ ತಿಂದಳು.

ಫೆಬ್ರವರಿಯಲ್ಲಿ ಒಂದು ಮಂಗಳವಾರ ಉಚ್ಚಂಗಿದುರ್ಗಕ್ಕೆ ಕರೆದುಕೊಂಡು ಹೋದೆ. ಉಚ್ಚಂಗೆಮ್ಮನಿಗೆ ಕಾಯಿ ಒಡೆಸುವುದು ಒಂದು ನೆಪ, ಮೆಟ್ಟಿಲು ಹತ್ತಿಸಿ ದಮ್ಮು ಗಟ್ಟಿ ಮಾಡಿಸುವುದು ಇನ್ನೊಂದು. ಆಗಲೇ ಬಿಸಿಲು ಬಂಡೆಗಳನ್ನು ಕಾಯಿಸತೊಡಗಿತ್ತು. ಅರ್ಧ ದಾರಿಗೆ ಅವಳು ಕೂತಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಒಬ್ಬ ಮುದುಕಿ ಕೋಲೂರಿಕೊಂಡು ನಮ್ಮನ್ನು ದಾಟಿ ಹೋಗುತ್ತಾ, "ವಯಸ್ಸಿನ ಹುಡುಗಿ ಕುಂತಾಳ, ನಾ ಹೊಂಟೀನಿ ನೋಡವ್ವ" ಎಂದು ನಕ್ಕಳು. ನನಗೆ ಅವಮಾನವಾಯಿತು.

"ಆ ಮುದುಕಿ ನೋಡಿ ನಾಚಿಕಿ ಬರಲ್ಲನು ನಿನಗ?"

"ಅಕ್ಕಾ, ದೇವರಾಣಿ, ಆಗವಲ್ದು. ನಾ ಸುಳ್ಳು ಹೇಳವಲ್ಲೆ."

ನಾನು ಬಗ್ಗಿ ಅವಳ ಕೈ ಹಿಡಿದೆ. ಅದೇ ನಿಧಾನ. ಕೈಯನ್ನು ಎಸೆದಂತೆ ಬಿಟ್ಟೆ. "ನಿನ್ನಂಥಾ ಕಳ್ಳ ಕುರಿನ ನಾ ಎಲ್ಲೂ ನೋಡಿಲ್ಲ. ಇಲ್ಲೇ ಬಿದ್ದಿರು" ಎಂದು ಹತ್ತಿ ಹೋದೆ. ಹಿಂದಿರುಗಿ ನೋಡಲಿಲ್ಲ. ಗುಡಿಯ ಮುಂದೆ ಸಾಲಿನಲ್ಲಿ ನಿಂತು ಎಷ್ಟೋ ಹೊತ್ತಾದ ಮೇಲೆ ನೋಡಿದರೆ ಅವಳು ಬರುತ್ತಿದ್ದಳು. ಕೆಲವು ಮೆಟ್ಟಿಲುಗಳನ್ನು ಕೂತೇ ಹತ್ತಿದ್ದಳೆಂದು ಕಾಣುತ್ತದೆ, ಲಂಗದ ಹಿಂಭಾಗವೆಲ್ಲ ಮಣ್ಣಾಗಿತ್ತು. ನನ್ನ ಪಕ್ಕದಲ್ಲಿ ಬಂದು ನಿಂತು, "ಬಂದೆ" ಎಂದಳು. ನಾನು ಗೆದ್ದೆ ಎಂದುಕೊಂಡೆ. ನೋಡಿದೆಯಾ, ಬೈದರೆ ಬರುತ್ತಾಳೆ ಎಂದುಕೊಂಡೆ.

ಓಟದ ದಿನ ಬಂದದ್ದು ಬೇಸಿಗೆಯ ಆರಂಭದಲ್ಲಿ, ಜಿಲ್ಲೆಯ ಮೈದಾನದಲ್ಲಿ. ಮನೆಯವರನ್ನು ಒಳಗೆ ಬಿಡಲಿಲ್ಲ. ತಂತಿಬೇಲಿಯ ಹೊರಗೆ ಬಿಸಿಲಿನಲ್ಲಿ ನಿಂತೆ. ಒದ್ದೆ ಸುಣ್ಣದ ವಾಸನೆ, ಆಗ ತಾನೇ ನೀರು ಚಿಮುಕಿಸಿದ್ದರು. ಅವಳ ಎದೆಯ ಮೇಲೆ ನಂಬರಿನ ಚೀಟಿ. ಒಳಗೆ ಹೋಗುವ ಮುಂಚೆ, "ಅಕ್ಕಾ, ಒಂದ ಸಲಕ್ಕ ಮುಗದು ಹೋಗತೈತಲ್ಲ? ಆಮೇಲೆ ಓಡಂಗಿಲ್ಲ ಹೌದಿಲ್ಲೋ?" ಎಂದು ಕೇಳಿದ್ದಳು. ನಾನು, "ಆಮೇಲೆ ಕಳ್ಳರ ಹಿಂದ ಓಡೋದು ಐತಲ್ಲ" ಎಂದೆ. ಅವಳು ನಕ್ಕಳು.

ಅರ್ಧ ಸುತ್ತಿನವರೆಗೆ ಅವಳು ನಡುವಿನಲ್ಲಿದ್ದಳು. ಅಷ್ಟು ಚೆನ್ನಾಗಿ ಅವಳು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಹ್ಯಾ ನೇತ್ರಿ, ಹ್ಯಾ!" ಎಂದು ಕೂಗಿದೆ. ತಿರುವಿನಲ್ಲಿ ಅವಳ ಕಾಲು ತೊಡರಿತು. ಮತ್ತೆ ಎರಡು ಹೆಜ್ಜೆ ಇಟ್ಟಳು. ಬೀಳುವವರು ಕೈ ಮುಂದೆ ಮಾಡುತ್ತಾರಲ್ಲ, ಅವಳು ಕೈ ಕೂಡ ಮುಂದೆ ಮಾಡಲಿಲ್ಲ. ಮುಖವೇ ಮೊದಲು ನೆಲಕ್ಕೆ ಬಿತ್ತು. ಉಳಿದವರು ಅವಳನ್ನು ಬಳಸಿ ಓಡಿಹೋದರು. ಬೇಲಿಯ ತಂತಿ ನನ್ನ ಎರಡೂ ಅಂಗೈಗಳನ್ನು ಕೊಯ್ದಿತ್ತೆಂದು ಸಂಜೆ ಗೊತ್ತಾಯಿತು.

ದೊಡ್ಡ ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಕಾಗದದ ಮೇಲಿನ ಗೆರೆಗಳನ್ನು ತೋರಿಸಿ ನನಗೆ ತಿಳಿಯುವ ಹಾಗೆ ಹೇಳಿದರು. ಎದೆಯೊಳಗೆ ಮೇಲಿನ ಕೋಣೆ, ಕೆಳಗಿನ ಕೋಣೆ ಇರುತ್ತವೆ. ಮೇಲಿನದು ಹೇಳಿದಂತೆ ಕೆಳಗಿನದು ಬಡಿಯಬೇಕು. ಇವಳಿಗೆ ಹುಟ್ಟಿನಿಂದಲೇ ನಡುವಿನ ದಾರಿ ಕಡಿದಿದೆ. ಕೆಳಗಿನದು ತನ್ನ ಪಾಡಿಗೆ ನಿಧಾನವಾಗಿ ಬಡಿದುಕೊಂಡಿದೆ. ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ. ಓಡುವ ಕಾಲಿಗೆ ಬೇಕಾದ ರಕ್ತ ಹೋಗುವುದೇ ಇಲ್ಲ.

"ಇಷ್ಟು ವರ್ಷ ಯಾರೂ ನೋಡ್ಲಿಲ್ವಾ? ಯಾರೂ ಹೇಳ್ಲಿಲ್ವಾ?" ಎಂದು ಕೇಳಿದರು.

ಅವ್ವ, ಅಪ್ಪ ಇಬ್ಬರೂ ಹಿಂಡು ಬಿಟ್ಟು ಓಡಿಬಂದು ಪಕ್ಕದಲ್ಲೇ ನಿಂತಿದ್ದರು. ನಾನು ತಲೆ ತಗ್ಗಿಸಿ, "ಇಲ್ರಿ" ಎಂದೆ.

ಹೊರಗೆ ಬೆಂಚಿನ ಮೇಲೆ ಕುಳಿತು, ದಿನವೂ ನಾಡಿ ನೋಡುತ್ತಿದ್ದೆ, ಮೆಲ್ಲಗಿರುತ್ತಿತ್ತು ಎಂದಷ್ಟನ್ನೇ ಅಪ್ಪನಿಗೆ ಹೇಳಿದೆ. ಅಪ್ಪ, "ನಾ ಹೇಳಿಕೊಟ್ಟಿದ್ದು ಕುರಿಗೆ ಮಗಳ" ಎಂದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವಳ ಎಡಗಡೆ ಕೊರಳ ಕೆಳಗೆ ಎದೆಯನ್ನು ಬೇಕಾದಷ್ಟು ಜೋರಾಗಿ ಬಡಿಸುವ ಒಂದು ಸಣ್ಣ ಮಷಿನ್ ಇಟ್ಟು ಹೊಲಿದರು. ಬಿದ್ದಾಗ ಮುರಿದಿದ್ದ ದವಡೆಯ ಮೂಳೆ ಕೂಡಿಕೊಳ್ಳಲು ಆರು ವಾರ ಬೇಕಾಯಿತು. ಮುಂದಿನ ಎರಡು ಹಲ್ಲು ಹೋಗಿದ್ದವು. ಖಾಕಿಯ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಳು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ನಾನು ಬೇಡವೆಂದರೂ ಕೇಳದೆ ಕೊಡ ಹಿಡಿದು ಬಾವಿಗೆ ಹೋದಳು. ತುಂಬಿದ ಕೊಡ ಹೊತ್ತು, ಎಲ್ಲೂ ಕೂರದೆ ಬಂದಳು. ಹೊಸ್ತಿಲ ಮೇಲೆ ನಿಂತು ಉಸಿರಾಡುತ್ತಾ, ತನ್ನ ಎದೆಯ ಮೇಲೆ ತಾನೇ ಕೈ ಇಟ್ಟು ನೋಡಿಕೊಂಡಳು. ಅದು ಜೋರಾಗಿ ಬಡಿಯುತ್ತಿತ್ತು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ, ಏನೋ ಲೆಕ್ಕ ಹಾಕುತ್ತಿರುವ ಹಾಗಿತ್ತು.

"ಅಕ್ಕಾ, ನಿಮಗೆಲ್ಲ ಮೊದಲಿಂದ ಹಿಂಗ ಇತ್ತೇನು? ಇಷ್ಟು ಹಗುರ?"

ನಾನು ಎದ್ದು ಮರಿಗಳ ದೊಡ್ಡಿಗೆ ಹೋದೆ. ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಇಪ್ಪತ್ತೊಂದು ವರ್ಷ ಆ ಹುಡುಗಿ ಹೊತ್ತಿದ್ದು ಎಷ್ಟು ಭಾರ, ನಾನು ಅದಕ್ಕೆ ಇಟ್ಟ ಹೆಸರೇನು ಎಂದು ಅವತ್ತು ಗೊತ್ತಾಯಿತು.

ಈಗ ಅವಳು ಕೊಟ್ಟೂರಿನ ಒಂದು ಅಂಗಡಿಯಲ್ಲಿ ಅರ್ಜಿ ತುಂಬುವ, ಜೆರಾಕ್ಸ್ ಮಾಡುವ ಕೆಲಸದಲ್ಲಿದ್ದಾಳೆ. ಪೊಲೀಸ್ ಅರ್ಜಿ ಬಂದಾಗ ಬೇರೆ ಹುಡುಗಿಯರಿಗೆ ಅವಳೇ ತುಂಬಿಕೊಡುತ್ತಾಳೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು ರೂಢಿಯಾಗಿದೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ಮನೆಗೆ ಬಂದವರ ಮುಂದೆ, "ಅಕ್ಕ ನನ್ನ ಸಲುವಾಗಿ ಎಷ್ಟು ಬಡದಾಡಿದ್ಲು" ಎನ್ನುತ್ತಿದ್ದಳು. ನರ್ಸಮ್ಮನ ಮಾತು ಅವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಹಾಗೆನ್ನುತ್ತಿದ್ದಳು. ಅವಳು ಹಾಗೆ ಹೇಳಿದಾಗಲೆಲ್ಲ ನಾನು ನೀರು ಕೊಡುವ ನೆಪದಲ್ಲಿ ಒಳಗೆ ಎದ್ದು ಹೋಗುತ್ತಿದ್ದೆ.

ಕಳೆದ ತಿಂಗಳು ಕೊಟ್ಟೂರಿನ ಆ ಕಟ್ಟೆಯ ಮೇಲಿಂದ ಎದ್ದು ಮನೆಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಅವತ್ತು ಅವಳಿಗೆ ರಜೆ. ಅಂಗಳದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ಕುಳಿತೆ.

"ನೇತ್ರಿ, ನಂದು ತಪ್ಪಾತು."

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಯಾತಕ್ಕ? ನಿನ್ನಿ ಸಾರಿಗೆ ಉಪ್ಪು ಸುರದಿದ್ದಕ್ಕೇನು?" ಎಂದು ನಕ್ಕಳು.

ಇಷ್ಟಕ್ಕೇ ಬಿಟ್ಟು ನಾನೂ ನಕ್ಕು ಎದ್ದುಬಿಡಬಹುದಿತ್ತು. ಎದ್ದೂ ಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವಳು ನನ್ನ ಮುಖ ನೋಡಿದಳು, ಮೊರ ಕೆಳಗಿಟ್ಟಳು. ಅಂಗಿಯ ಕೊರಳ ಅಂಚಿನಲ್ಲಿ ಹೊಲಿಗೆಯ ಗುರುತು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ, ಓಣಿಯಲ್ಲಿ ಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅವತ್ತು ನರ್ಸಮ್ಮ ಏನೂ ಇಲ್ಲ ಅಂದಿರಲಿಲ್ಲ. ನಾಳಿಗೇ ದವಾಖಾನಿಗೆ ಕರಕಂಡು ಹೋಗು, ಓಡಸಬ್ಯಾಡ ಅಂದಿದ್ರು. ನಾ ನಿನಗ ಸುಳ್ಳು ಹೇಳಿದೆ. ಗೊತ್ತಿದ್ದು ಓಡಿಸಿದೆ. ನೀ ಆಗವಲ್ದು ಆಗವಲ್ದು ಅಂತ ಅಷ್ಟು ಸಲ ಹೇಳಿದಿ, ಒಂದ ಸಲನೂ ನಾ ನಂಬಲಿಲ್ಲ. ನೀ ಯಾವತ್ತೂ ಮೈಗಳ್ಳಿ ಅಲ್ಲವ್ವ. ನಂದು ತಪ್ಪಾತು, ತಂಗಿ."